ಬಾಲಪ್ಪನ ಮೂರು ಸ್ಕ್ರೂ, ರಾಚವ್ವನ ಹಸಿರು ಸೀರೆ

ದಸರಾ ಮುಗಿಯುವ ಹೊತ್ತಿಗೆ ನಮ್ಮ ಉಡುಪಿ ಸೀಮೆಯ ಹುಲ್ಲಿಗೆ ಬರುವ ಸೊಕ್ಕು ಅಷ್ಟಿಷ್ಟಲ್ಲ. ನಾಲ್ಕು ತಿಂಗಳು ಮಳೆ ಕುಡಿದು ಸೊಂಟದವರೆಗೆ ಎದ್ದು ನಿಂತಿರುತ್ತದೆ. ಗೇಟಿನಿಂದ ಬಾವಿಕಟ್ಟೆಗೆ ಹೋಗಬೇಕಾದರೂ ಹಾವು ಇದೆಯೋ ಎಂದು ಕೋಲಿನಿಂದ ತಟ್ಟಿಕೊಂಡು ಹೋಗಬೇಕು. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಹುಲ್ಲು ತೆಗೆಯುವ ಮೆಷಿನಿನವ ಯಾವಾಗ ಬರ್ತಾನೆ?"

2004ರಲ್ಲಿ ಮಣಿಪಾಲದ ಒಂದಷ್ಟು ಮನೆಗಳ ಪಾಲಿಗೆ ಆ ಮೆಷಿನಿನವ ಅಂದರೆ ಬಾಲಪ್ಪ. ಊರು ಬಾಗಲಕೋಟೆಯ ಕಡೆ. ಗಾರೆ ಕೆಲಸಕ್ಕೆಂದು ಬಂದವನು, ಹಿಂದಿನ ವರ್ಷ ಕಾರ್ಕಳದ ಅಂಗಡಿಯೊಂದರಿಂದ ಹುಲ್ಲು ಕೊಚ್ಚುವ ಪೆಟ್ರೋಲ್ ಮೆಷಿನ್ ತಂದುಕೊಂಡಿದ್ದ. ಹೆಗಲಿಗೆ ಪಟ್ಟಿ ಹಾಕಿಕೊಂಡು ಹಿಡಿಯುವಂಥದ್ದು. ಹಿಂದೆ ಪುಟ್ಟ ಇಂಜಿನ್, ಮುಂದೆ ಉದ್ದ ಕೋಲಿನ ತುದಿಯಲ್ಲಿ ತಿರುಗುವ ಬ್ಲೇಡು. ಬಾಲಪ್ಪ ಕೊಚ್ಚುತ್ತಾ ಮುಂದೆ ಹೋದರೆ ಅವನ ಹೆಂಡತಿ ರಾಚವ್ವ ಹಲ್ಲುಕೋಲಿನಿಂದ ಹುಲ್ಲು ಎಳೆದು ಗುಡ್ಡೆ ಹಾಕುತ್ತಾ ಹಿಂದೆ. ಮದುವೆಯಾಗಿ ಹದಿನಾಲ್ಕು ವರ್ಷ, ಇಬ್ಬರೂ ಒಂದು ದಿನವೂ ಬೇರೆ ಬೇರೆ ಕಡೆ ಕೆಲಸಕ್ಕೆ ಹೋದವರಲ್ಲ. ಕಲ್ಲು ಹೊತ್ತರೂ ಜೊತೆಗೇ, ಹುಲ್ಲು ತೆಗೆದರೂ ಜೊತೆಗೇ.

ಬಾಲಪ್ಪನಿಗೆ ಮೆಷಿನೆಂದರೆ ಮಗುವಿನ ಹಾಗೆ. ಆಯುಧಪೂಜೆಯ ದಿನ ಅದನ್ನು ಬಾವಿಕಟ್ಟೆಯಲ್ಲಿ ನಿಲ್ಲಿಸಿ ನಾಲ್ಕು ಕೊಡ ನೀರು ಸುರಿದು ತೊಳೆದ. ಒರೆಸಿ, ಎಲ್ಲೆಲ್ಲಿ ಜಾಗ ಇತ್ತೋ ಅಲ್ಲೆಲ್ಲ ಮೂರು ಬೆರಳಿನ ವಿಭೂತಿ ಎಳೆದ. ಅದರ ಮೇಲೆ ಕುಂಕುಮ, ಅರಿಸಿನ. ಕೋಲಿಗೆ ಚೆಂಡು ಹೂವಿನ ಮಾಲೆ. ಕಾಯಿ ಒಡೆದು, ಊದುಬತ್ತಿ ಬೆಳಗಿ, ಕೈಮುಗಿದ. ಮೆಷಿನಿನ ಜೊತೆ ಅಂಗಡಿಯವರು ಕೊಟ್ಟಿದ್ದ ಪುಸ್ತಕವನ್ನೂ ರಾಚವ್ವ ಪ್ಲಾಸ್ಟಿಕ್ಕಿನಿಂದ ಬಿಚ್ಚಿ ಪೂಜೆಗಿಟ್ಟಳು. ಪೂಜೆಯಾದ ಮೇಲೆ ಮತ್ತೆ ಸುತ್ತಿ ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿಟ್ಟಳು. ಆ ಪುಸ್ತಕವನ್ನು ಪೂಜೆ ಮಾಡಿದವರು ಉಂಟು, ಓದಿದವರು ಯಾರೂ ಇಲ್ಲ.

ಎರಡು ದಿನ ಬಿಟ್ಟು ಕೆಲಸಕ್ಕೆ ಹೋದರೆ ಮೆಷಿನ್ ಮುನಿಸಿಕೊಂಡಿತು. ಹಗ್ಗ ಎಳೆದರೆ ಹೊತ್ತಿಕೊಳ್ಳುತ್ತದೆ, ಬುಸಬುಸ ಹೊಗೆ ಬಿಡುತ್ತದೆ, ಹಿಡಿಕೆಯ ಆಕ್ಸಿಲರೇಟರ್ ಮೇಲಿನ ಕೈ ಸಡಿಲ ಮಾಡಿದ ಕೂಡಲೇ ಗೊರ್ ಗೊರ್ ಎಂದು ನಿಂತುಬಿಡುತ್ತದೆ. ಹತ್ತು ಸಲ ಎಳೆದು ಬಾಲಪ್ಪನ ತೋಳು ಬಿದ್ದುಹೋಯಿತು.

"ಪೂಜಿ ಮಾಡಿದ ಮ್ಯಾಲ ಇನ್ನಷ್ಟು ಚಲೋ ಓಡಬೇಕಿತ್ತಲ್ಲ? ಇದ್ಯಾಕ ಹಿಂಗಾತು?" ಎಂದು ಅವನು ತಲೆ ಕೆರೆದುಕೊಂಡ.

"ಕಾಯಿ ನೆಟ್ಟಗ ಒಡೀಲಿಲ್ಲ ಅನಸ್ತೈತಿ" ಎಂದಳು ರಾಚವ್ವ. ಕಾಯಿ ನೆಟ್ಟಗೇ ಒಡೆದಿತ್ತು. ಅವಳಿಗೂ ಬೇರೆ ಕಾರಣ ಹೊಳೆಯಲಿಲ್ಲ.

ಇಂಜಿನಿನ ಪಕ್ಕದಲ್ಲಿ ಕಾರ್ಬೊರೇಟರ್ ಎಂಬ ಪುಟ್ಟ ಡಬ್ಬಿಯಿದೆ. ಪೆಟ್ರೋಲು ಗಾಳಿಯ ಜೊತೆ ಬೆರೆಯುವುದು ಅಲ್ಲಿ. ಅದರ ಮೇಲೆ ಮೂರು ಸ್ಕ್ರೂ. ಎರಡು ಅಕ್ಕಪಕ್ಕ, ಒಂದು ಸ್ವಲ್ಪ ದೂರ. ಒಂದೊಂದರ ಪಕ್ಕದಲ್ಲೂ ಒಂದೊಂದು ಇಂಗ್ಲಿಷ್ ಅಕ್ಷರ. ಬಾಲಪ್ಪನಿಗೆ ಇಂಗ್ಲಿಷ್ ಬಾರದು. ಆದರೆ ಸ್ಕ್ರೂ ಕಂಡರೆ ಕೈ ಸುಮ್ಮನಿರುವುದಿಲ್ಲವಲ್ಲ, ನಮಗೆಲ್ಲ ಆ ಚಾಳಿ ಉಂಟು.

ಅವನು ಮೊದಲು ಹೋದದ್ದು ಮಲ್ಪೆಗೆ. ಅಲ್ಲಿನ ಐಸ್ ಪ್ಲಾಂಟಿನಲ್ಲಿ ಅವನ ಊರಿನವರು ಇದ್ದರು, ಅವರಿಂದ ದೋಣಿಯ ಇಂಜಿನ್ ರಿಪೇರಿ ಮಾಡುವ ಇಮ್ಯಾನುಯೆಲ್ ಪರಿಚಯ. ಇಮ್ಯಾನುಯೆಲ್ ಬಲೆಗಳ ನಡುವೆ ಕೂತು ಮೆಷಿನಿನ ಸದ್ದು ಕೇಳಿ, "ಎಂತ ಇಲ್ಲ ಮಾರಾಯ, ಇದಕ್ಕೆ ಪೆಟ್ರೋಲ್ ಸಾಲುವುದಿಲ್ಲ. ಎರಡು ಸ್ಕ್ರೂವನ್ನೂ ಒಂದು ಸುತ್ತು ಬಿಚ್ಚು" ಎಂದ. ಬಾಲಪ್ಪ ಬಿಚ್ಚಿದ. ಹೊಗೆ ಇಮ್ಮಡಿಯಾಯಿತು.

ಮರುದಿನ ಉದ್ಯಾವರಕ್ಕೆ ಹೋದ. ಹೆದ್ದಾರಿ ಬದಿಯಲ್ಲಿ ಸ್ಕೂಟರ್ ರಿಪೇರಿ ಮಾಡುವ ಗಣಪ ಹೊಗೆ ನೋಡಿದವನೇ ಹಣೆ ಚಚ್ಚಿಕೊಂಡ.

"ಯಾರು ಬಿಚ್ಚಲಿಕ್ಕೆ ಹೇಳಿದ್ದು? ಪೆಟ್ರೋಲ್ ಜಾಸ್ತಿ ಆಗಿಯೇ ಈ ಹೊಗೆ. ಎರಡನ್ನೂ ಮುಚ್ಚು, ಇನ್ನೂ ಮುಚ್ಚು. ಮತ್ತೆ ಈ ಮೂರನೆಯದ್ದು ಉಂಟಲ್ಲ, ಇದನ್ನು ಏರಿಸಿಬಿಡು. ಆಮೇಲೆ ಹೇಗೆ ಆಫ್ ಆಗ್ತದೆ ನೋಡುವ!"

ಬಾಲಪ್ಪ ಮುಚ್ಚಿದ, ಏರಿಸಿದ. ಇಂಜಿನ್ ಕಿರ್ರೋ ಎಂದು ಕಿರುಚತೊಡಗಿತು. ಕೈ ಬಿಟ್ಟರೂ ನಿಲ್ಲಲಿಲ್ಲ. ಕೈ ಬಿಟ್ಟರೂ ಬ್ಲೇಡು ತಿರುಗುತ್ತಲೇ ಇತ್ತು. ಬಾಲಪ್ಪನಿಗೆ ಹಿಗ್ಗೋ ಹಿಗ್ಗು. ಸದ್ದು ಜೋರಾದಷ್ಟೂ ಶಕ್ತಿ ಜೋರು ಎಂದು ಅವನ ಲೆಕ್ಕ.

"ಬ್ಲೇಡು ನಿಲ್ಲವಲ್ದು" ಎಂದಳು ರಾಚವ್ವ.

"ಯಾಕ ನಿಲ್ಲಬೇಕು? ನಿಂತ್ರ ಮತ್ತ ಹಗ್ಗ ಎಳೀಬೇಕು. ಇದ ಚಲೋ ಐತಿ ಬಿಡು."

ಗಣಪನೂ ಸುಳ್ಳು ಹೇಳಿದವನಲ್ಲ, ಇಮ್ಯಾನುಯೆಲ್ಲನೂ ಅಲ್ಲ. ದೋಣಿಯ ಇಂಜಿನಿಗೆ ಏನು ಬೇಕೋ ಅದನ್ನು ಅವನು ಹೇಳಿದ, ಸ್ಕೂಟರಿಗೆ ಏನು ಬೇಕೋ ಅದನ್ನು ಇವನು. ಸ್ಕೂಟರಿನ ಇಂಜಿನ್ ನಿಂತಲ್ಲಿ ಸ್ವಲ್ಪ ಜೋರಾಗಿ ಓಡಿದರೆ ಪೆಟ್ರೋಲ್ ಖರ್ಚು, ಅಷ್ಟೇ. ಹುಲ್ಲು ಕೊಚ್ಚುವ ಮೆಷಿನಿನಲ್ಲಿ ಅದೇ ಕೆಲಸ ಮಾಡಿದರೆ ಏನಾಗುತ್ತದೆ ಎಂಬುದು ಮೂರನೆಯ ದಿನ ಗೊತ್ತಾಯಿತು.

ಆ ದಿನ ನರ್ಮದಮ್ಮನವರ ಕಂಪೌಂಡಿನಲ್ಲಿ ಕೆಲಸ. ನರ್ಮದಮ್ಮ ನಿವೃತ್ತ ಟೀಚರು, ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಬಾಲಪ್ಪ ಬೆವರು ಒರೆಸಿಕೊಳ್ಳಲೆಂದು ಒಂದು ಕ್ಷಣ ನಿಂತ. ಮೆಷಿನ್ ಹೆಗಲಿನಿಂದ ಜೋತಾಡುತ್ತಿತ್ತು, ಕೈ ಅದರ ಮೇಲೆ ಇರಲಿಲ್ಲ. ಗಂಡ ನಿಂತದ್ದು ಕಂಡು ರಾಚವ್ವ, ಹಳೆಯ ರೂಢಿಯಂತೆ ಬ್ಲೇಡೂ ನಿಂತಿದೆ ಎಂದುಕೊಂಡು, ಹುಲ್ಲು ಬಾಚಲು ಬಗ್ಗಿದಳು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಜಾರಿ ಕೆಳಗೆ ಬಿತ್ತು.

ಆಮೇಲೆ ಆದದ್ದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ. ಬ್ಲೇಡು ಸೆರಗನ್ನು ಕಚ್ಚಿ ಸುತ್ತಿಕೊಂಡಿತು. ಪರ್ರೆಂದು ಸೀರೆ ಹರಿಯಿತು. ರಾಚವ್ವ ಮುಗ್ಗರಿಸಿ ಕೂತುಬಿಟ್ಟಳು. ಬಟ್ಟೆ ಸುತ್ತಿಕೊಂಡು ಇಂಜಿನ್ ಕೆಮ್ಮಿ ನಿಂತಾಗ ಬ್ಲೇಡಿಗೂ ಅವಳ ಮೊಣಕಾಲಿಗೂ ನಡುವೆ ನಾಲ್ಕು ಬೆರಳಿನ ಅಂತರ.

ಅವಳು ಎದ್ದಳು. ಹರಿದ ಹಸಿರು ಸೀರೆಯ ತುಂಡುಗಳನ್ನು ಬ್ಲೇಡಿನಿಂದ ಒಂದೊಂದಾಗಿ ಬಿಡಿಸಿ ಮಡಚಿ ಕೈಯಲ್ಲಿ ಹಿಡಿದಳು. ಹಲ್ಲುಕೋಲನ್ನು ಗೋಡೆಗೆ ಒರಗಿಸಿದಳು.

"ನಾಳಿಂದ ನಾ ನಿಮ್ಮ ಹಿಂದ ಬರಂಗಿಲ್ಲ" ಎಂದಳು. "ಮತ್ತ ಕಲ್ಲು ಹೊರಾಕ ಹೋಗತೀನಿ. ನಿಮ್ಮ ಕೈಯಾಗಿನ ಅದನ್ನ ನೋಡಿದ್ರ ನನಗ ಅಂಜಿಕಿ ಬರತೈತಿ."

ಹದಿನಾಲ್ಕು ವರ್ಷದಲ್ಲಿ ಅವಳು ಬಾಲಪ್ಪನಿಗೆ ಬೈದದ್ದುಂಟು, ಊಟ ಬಡಿಸದೆ ಇದ್ದದ್ದೂ ಉಂಟು. ಅಂಜಿಕೆ ಬರುತ್ತದೆ ಎಂದದ್ದು ಇದೇ ಮೊದಲು. ಅವನಿಗೆ ತುಂಬ ನಾಚಿಕೆಯಾಯಿತು. ಬಿಚ್ಚು ಎಂದವನ ಮಾತು ಕೇಳಿದೆ, ಮುಚ್ಚು ಎಂದವನ ಮಾತು ಕೇಳಿದೆ, ಪೂಜೆಯನ್ನೂ ಮಾಡಿದೆ. ಇನ್ನು ಯಾರನ್ನು ಕೇಳುವುದು? ಒಂದೊಂದು ಸ್ಕ್ರೂ ಎಷ್ಟು ಸುತ್ತು ತಿರುಗಿಸಿದ್ದೇನೆ, ಮೊದಲು ಎಲ್ಲಿತ್ತು ಎಂಬುದೂ ಈಗ ಅವನಿಗೆ ನೆನಪಿರಲಿಲ್ಲ.

ಜಗಲಿಯಿಂದ ಓಡಿಬಂದ ನರ್ಮದಮ್ಮ ಮೊದಲು ರಾಚವ್ವನಿಗೆ ನೀರು ಕೊಟ್ಟರು. ಆಮೇಲೆ ಬಾಲಪ್ಪನ ಕಡೆ ತಿರುಗಿದರು.

"ಇದನ್ನು ಗೊತ್ತಿದ್ದವರಿಗೆ ತೋರಿಸು ಬಾಲಪ್ಪ. ಕಾಪುವಿನಲ್ಲಿ ವೆರೊನಿಕಾ ಅಂತ ಉಂಟು, ನನ್ನ ಸ್ಟೂಡೆಂಟು. ಇಂಥ ಸಣ್ಣ ಮೆಷಿನುಗಳದ್ದೇ ರಿಪೇರಿ ಅಂಗಡಿ ಅವಳದ್ದು. ಪೆಟ್ರೋಲ್ ಖಾಲಿ ಮಾಡಿ, ಬ್ಲೇಡು ಬಿಚ್ಚಿ ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ತೆಗೆದುಕೊಂಡು ಹೋಗು. ಮೆಷಿನಿನ ಪುಸ್ತಕ ಇದ್ದರೆ ಅದನ್ನೂ ಹಿಡ್ಕೋ."

"ಹೆಣ್ಮಗಳೇನ್ರೀ?" ಎಂದ ಬಾಲಪ್ಪ.

"ಯಾಕೆ, ಕಾರ್ಬೊರೇಟರಿಗೆ ಗಂಡು ಹೆಣ್ಣು ಗೊತ್ತಾಗ್ತದಾ?"

ಮರುದಿನ ಬೆಳಿಗ್ಗೆ ಬಾಲಪ್ಪ ಹೊರಟಾಗ ರಾಚವ್ವನೂ ಚಪ್ಪಲಿ ಮೆಟ್ಟಿದಳು. ಪುಸ್ತಕದ ಪ್ಲಾಸ್ಟಿಕ್ ಕಟ್ಟು ಅವಳ ಕೈಯಲ್ಲಿತ್ತು.

"ನೀ ಬರತೀಯೇನು?" ಎಂದ ಅವನು ಆಸೆಯಿಂದ.

"ನಿಮ್ಮ ಸಲುವಾಗಿ ಅಲ್ಲ. ಆ ಬಾಯಾರನ್ನ ಒಂದ ಮಾತು ಕೇಳಬೇಕು. ಆ ಬ್ಲೇಡು ನಿಲ್ಲತೈತೋ ಇಲ್ಲೋ ಅಂತ. ನಿಲ್ಲೂದಿಲ್ಲ ಅಂದ್ರ ಅಲ್ಲಿಂದ ಸೀದಾ ಕಲ್ಲು ಹೊರಾಕ ಹೋಗತೀನಿ."

ಬಸ್ಸಿನಲ್ಲಿ ಕಂಡಕ್ಟರ್ ಉದ್ದ ಗೋಣಿಕಟ್ಟು ನೋಡಿ, "ಎಂತ ಇದು, ಗಾಳ ಹಾಕ್ಲಿಕ್ಕೆ ಹೊರಟದ್ದಾ?" ಎಂದು ನಗೆಯಾಡಿದ. ಉದ್ಯಾವರದಲ್ಲಿ ಬಸ್ಸು ನಿಂತಾಗ ಬಾಲಪ್ಪ ತಲೆ ಬಗ್ಗಿಸಿ ಕೂತ. ಗಣಪ ಕಂಡರೆ ಇನ್ನೊಂದು ಸುತ್ತು ತಿರುಗಿಸು ಎಂದಾನು ಎಂಬ ಹೆದರಿಕೆ.

ಊರವರು ಗೌರವದಿಂದ ಬಾಯಿ ಎನ್ನುವ ವೆರೊನಿಕಾಳ ಅಂಗಡಿ ಕಾಪು ಪೇಟೆಯಿಂದ ಸ್ವಲ್ಪ ಒಳಗೆ, ಮನೆಗೆ ಅಂಟಿಕೊಂಡೇ ಇತ್ತು. ನಲವತ್ತು ದಾಟಿದ ಹೆಂಗಸು. ಕನ್ನಡಕ ದಾರದಲ್ಲಿ ಕುತ್ತಿಗೆಗೆ ನೇತಾಡುತ್ತಿತ್ತು, ಕೈಯೆಲ್ಲ ಗ್ರೀಸು. ಬಾಲಪ್ಪ ಆಚೆ ಈಚೆ ನೋಡಿದ.

"ಗಂಡಸರು ಯಾರೂ ಇಲ್ಲೇನ್ರೀ?"

"ಇದ್ದಾರೆ. ಒಳಗೆ ಮೀನು ಕೊಯ್ತಾ ಇದ್ದಾರೆ. ಕರೆಯಬೇಕಾ?"

ರಾಚವ್ವನಿಗೆ ನಗು ಬಂತು. ನಿನ್ನೆಯಿಂದ ಅವಳು ನಕ್ಕದ್ದು ಅದೇ ಮೊದಲು.

ಬಾಲಪ್ಪ ಎಲ್ಲವನ್ನೂ ಹೇಳಿದ. ಇಮ್ಯಾನುಯೆಲ್ ಬಿಚ್ಚಲು ಹೇಳಿದ್ದು, ಗಣಪ ಮುಚ್ಚಲು ಹೇಳಿದ್ದು. ಸೀರೆಯ ಕಥೆ ಬಂದಾಗ ಮಾತ್ರ ತಡವರಿಸಿದ, ಅದನ್ನು ರಾಚವ್ವನೇ ಹೇಳಿದಳು. ವೆರೊನಿಕಾ ಬಾಯಿ ಅವಳ ಮೊಣಕಾಲನ್ನೊಮ್ಮೆ ನೋಡಿ, ಶಿಲುಬೆಯ ಗುರುತು ಮಾಡಿಕೊಂಡಳು.

"ಮೊದಲು ಸ್ಕ್ರೂ ಡ್ರೈವರ್ ಕೆಳಗಿಡಿ ಬಾಲಪ್ಪಣ್ಣ. ಇಂಜಿನ್ ಸರಿ ಓಡದಿದ್ದರೆ ಎಲ್ಲರೂ ಮೊದಲು ಮುಟ್ಟುವುದು ಸ್ಕ್ರೂವನ್ನು. ಮುಟ್ಟಬೇಕಾದ್ದು ಕೊನೆಗೆ. ಮೊದಲು ನೋಡಬೇಕಾದ್ದು ಇದನ್ನು" ಎಂದು ಇಂಜಿನಿನ ಪಕ್ಕದ ಒಂದು ಪ್ಲಾಸ್ಟಿಕ್ ಮುಚ್ಚಳದ ಮೇಲೆ ಬೆರಳಿಟ್ಟಳು. ಅದರಲ್ಲಿ ಸಣ್ಣ ಸಣ್ಣ ಸೀಳುಗಳಿದ್ದವು. "ಏರ್ ಫಿಲ್ಟರ್. ಇಂಜಿನ್ ಉಸಿರು ತೆಗೆಯುವುದು ಇಲ್ಲಿಂದ."

ಇಂಜಿನ್ ತಪ್ಪಿಯೂ ಹೊತ್ತಿಕೊಳ್ಳದಂತೆ ಪ್ಲಗ್ಗಿನ ಟೋಪಿ ಎಳೆದಿಟ್ಟು, ಆ ಮುಚ್ಚಳ ತೆಗೆದಳು. ಒಳಗಿನ ಸ್ಪಾಂಜು ಹೊರಗೆ ಬಂತು. ಮೂವರೂ ಅದನ್ನೇ ನೋಡಿದರು. ಅದು ಸ್ಪಾಂಜಿನ ಹಾಗೆ ಇರಲಿಲ್ಲ. ಕೆಂಪು, ಬಿಳಿ, ಹಳದಿ ಕೆಸರು ಒಣಗಿ ಗಟ್ಟಿಯಾಗಿ, ಮೇಲೆ ಹುಲ್ಲಿನ ಪುಡಿ ಮೆತ್ತಿಕೊಂಡು ರೊಟ್ಟಿಯ ಹಾಗಿತ್ತು.

"ಎಂತ ಇದು?" ವೆರೊನಿಕಾ ಬಾಯಿ ಮೂಸಿ ನೋಡಿದಳು. "ವಿಭೂತಿಯಾ?"

ಬಾಲಪ್ಪನಿಗೆ ಆಯುಧಪೂಜೆ ಕಣ್ಣ ಮುಂದೆ ಬಂತು. ನಾಲ್ಕು ಕೊಡ ನೀರು. ಮೂರು ಬೆರಳಿನ ವಿಭೂತಿ. ಆ ಸೀಳುಗಳಿದ್ದ ಮುಚ್ಚಳ ಅಗಲವಾಗಿ, ಹಣೆಯ ಹಾಗೆ ಕಂಡದ್ದರಿಂದ ಅಲ್ಲಿಯೇ ಹೆಚ್ಚು ಬಳಿದಿದ್ದ.

"ಅಯ್ಯೋ ಶಿವನ! ದೇವರಿಗೆ ಹಚ್ಚಿದ್ದು ಮೆಷಿನಿನ ಮೂಗಿನ್ಯಾಗ ಹೋಗೈತಿ!" ಎಂದಳು ರಾಚವ್ವ.

ಬಾಲಪ್ಪನಿಗೆ ಇನ್ನೂ ನಂಬಿಕೆ ಬರಲಿಲ್ಲ. "ಇಷ್ಟ ಸ್ಪಾಂಜಿಗೆ ಇಂಥಾ ಇಂಜಿನ್ ನಿಲ್ಲತೈತೇನ್ರೀ? ಹೊಗಿ ಬಂದದ್ದು ಯಾಕ ಹಂಗಾರ?"

ವೆರೊನಿಕಾ ಬಾಯಿ ಅವನನ್ನು ಬಿಟ್ಟು ರಾಚವ್ವನ ಕಡೆ ತಿರುಗಿದಳು. "ನೀವು ಹೇಳಿ ಅಕ್ಕ. ಒಲೆಗೆ ಗಾಳಿ ಹೋಗದಿದ್ದರೆ ಎಂತ ಆಗ್ತದೆ?"

"ಹೊಗಿ ಏಳತೈತಿ. ಉರಿ ಆರತೈತಿ."

"ಆಗ ಎಂತ ಮಾಡ್ತೀರಿ?"

"ಬೂದಿ ತಗದು ಗಾಳಿ ಬಿಡತೀನಿ."

"ನಿಮ್ಮ ಯಜಮಾನರು ಬೂದಿ ತೆಗೆಯಲಿಲ್ಲ. ಮೊದಲು ಮಲ್ಪೆಯವನ ಮಾತು ಕೇಳಿ ಇನ್ನಷ್ಟು ಸೌದೆ ತುರುಕಿದರು. ಆಮೇಲೆ ಉದ್ಯಾವರದವನ ಮಾತು ಕೇಳಿ ಇದ್ದ ಸೌದೆಯನ್ನೂ ಎಳೆದು ಹಾಕಿದರು."

ರಾಚವ್ವ ಗಂಡನ ಮುಖ ನೋಡಿದಳು. ಬಾಲಪ್ಪ ನೆಲ ನೋಡಿದ.

ಬಾಯಿ ಹೊಸ ಸ್ಪಾಂಜು ಹಾಕಿದಳು. ಹಳೆಯದನ್ನು ಸೋಪಿನ ನೀರಿನಲ್ಲಿ ಹಿಂಡಿ ಹಿಂಡಿ ತೊಳೆದು, ಪೂರ್ತಿ ಒಣಗಿದ ಮೇಲೆ ಮತ್ತೆ ಬಳಸಬಹುದು ಎಂದು ನೆರಳಿಗೆ ಹಾಕಿದಳು. ಹೊಸ ಪೆಟ್ರೋಲಿಗೆ ಟು-ಟಿ ಆಯಿಲ್ ಅಳತೆ ಪ್ರಕಾರ ಬಾಟಲಿಯಲ್ಲೇ ಬೆರೆಸಿ ಕುಲುಕಿ ಟ್ಯಾಂಕಿಗೆ ಹಾಕಿದಳು. "ಅಳತೆ ಎಷ್ಟು ಅಂತ ನನ್ನನ್ನು ಕೇಳಬೇಡಿ, ನಿಮ್ಮ ಮೆಷಿನಿನ ಪುಸ್ತಕವನ್ನು ಕೇಳಿ. ಒಂದೊಂದು ಕಂಪೆನಿಯದ್ದು ಒಂದೊಂದು ಲೆಕ್ಕ."

"ಹಂಗಾರ ಮುಗೀತಲ್ರೀ" ಎಂದ ಬಾಲಪ್ಪ. "ಸ್ಪಾಂಜು ಹೊಸದಾತು. ನೀವ ಹೇಳಿದ್ರಿ, ಸ್ಕ್ರೂ ಮುಟ್ಟಬ್ಯಾಡ ಅಂತ."

"ಕೊನೆಗೆ ಮುಟ್ಟಬೇಕು ಅಂತ ಹೇಳಿದ್ದು. ಈಗ ಗಾಳಿ ಬಂತು, ಆದರೆ ಸೌದೆ ನೀವು ಎಳೆದು ಹಾಕಿದ್ದೀರಲ್ಲ? ಹೀಗೇ ಓಡಿಸಿದರೆ ಇಂಜಿನ್ ಕಿರುಚಿ ಕಿರುಚಿ ಕಾದು ಒಳಗೇ ಕಚ್ಚಿಕೊಂಡು ಸೀಜ್ ಆಗ್ತದೆ. ಪೆಟ್ರೋಲಿನ ಜೊತೆ ಬರುವ ಆಯಿಲೇ ಒಳಗಿನ ಭಾಗಗಳಿಗೆ ಎಣ್ಣೆ. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ."

ಬಾಲಪ್ಪನ ತಲೆ ಗಿರ್ರೆಂದಿತು. ಮುಟ್ಟಬಾರದು, ಮುಟ್ಟಬೇಕು. ಬಿಚ್ಚಬಾರದು, ಬಿಚ್ಚಬೇಕು. "ಅಕ್ಕಾರ, ನನಗ ಒಂದೂ ತಿಳೀವಲ್ದು" ಎಂದು ಒಪ್ಪಿಕೊಂಡ. ಬಾಯಿ ಸ್ಟೂಲು ಎಳೆದು ಅವನನ್ನು ಕೂರಿಸಿದಳು. ತಿಳಿಯುವುದಿಲ್ಲ ಎಂದು ಹೇಳಿದವನಿಗೆ ಕಲಿಸುವುದು ಸುಲಭ ಎಂದಳು.

ರಾಚವ್ವ ಪುಸ್ತಕದ ಕಟ್ಟು ಬಿಚ್ಚಿಕೊಟ್ಟಳು. ಮೊದಲ ಪುಟದಲ್ಲೇ ಕುಂಕುಮದ ಬೊಟ್ಟು. ವೆರೊನಿಕಾ ಬಾಯಿ ಕನ್ನಡಕ ಏರಿಸಿ ಓದಿ ಕನ್ನಡದಲ್ಲಿ ಹೇಳಿದಳು.

"ಅಕ್ಕಪಕ್ಕ ಇರುವ ಈ ಎರಡು ಸ್ಕ್ರೂ ಪೆಟ್ರೋಲಿನದ್ದು. ಒಂದು ಮೆಲ್ಲಗೆ ಓಡುವಾಗ ಬೇಕಾದ್ದು, ಇನ್ನೊಂದು ಜೋರಾಗಿ ಓಡುವಾಗ ಬೇಕಾದ್ದು. ಗಡಿಯಾರದ ಮುಳ್ಳು ಹೋಗುವ ಕಡೆ ತಿರುಗಿಸಿದರೆ ಪೆಟ್ರೋಲ್ ಕಡಿಮೆ, ಉಲ್ಟಾ ತಿರುಗಿಸಿದರೆ ಹೆಚ್ಚು. ದೂರ ಇರುವ ಈ ಮೂರನೆಯದ್ದಕ್ಕೂ ಪೆಟ್ರೋಲಿಗೂ ಸಂಬಂಧವೇ ಇಲ್ಲ. ನೀವು ಕೈ ಬಿಟ್ಟಾಗ ಇಂಜಿನ್ ಎಷ್ಟು ಓಡಬೇಕು ಅಂತ ಹೇಳುವುದು ಇದು. ಗಣಪ ಏರಿಸಲಿಕ್ಕೆ ಹೇಳಿದ್ದು ಇದನ್ನೇ. ಅಕ್ಕನ ಸೀರೆ ಎಳೆದದ್ದೂ ಇದೇ."

ತನ್ನ ಕೈಚೀಲದಿಂದ ನೇಲ್ ಪಾಲಿಶ್ ತೆಗೆದು ಮೊದಲನೆಯದರ ಪಕ್ಕ ಒಂದು ಚುಕ್ಕೆ, ಎರಡನೆಯದರ ಪಕ್ಕ ಎರಡು ಚುಕ್ಕೆ ಇಟ್ಟಳು. ಮೂರನೆಯದಕ್ಕೆ ಉದ್ದ ಗೆರೆ ಎಳೆದಳು. ಇನ್ನು ಇಂಗ್ಲಿಷ್ ಬೇಕಾಗಿಲ್ಲ.

ಆಮೇಲೆ ಚುಕ್ಕೆಯ ಎರಡೂ ಸ್ಕ್ರೂಗಳನ್ನು ಬಾಲಪ್ಪನ ಕೈಯಿಂದಲೇ ಮುಚ್ಚಿಸಿದಳು. "ಮೆಲ್ಲಗೆ! ಎರಡು ಬೆರಳಿನ ಬಲ ಸಾಕು. ಒಳಗೆ ಸೂಜಿಯಂಥ ಮೊನೆ ಉಂಟು, ಬಿಗಿ ಮಾಡಿದರೆ ಅದು ಹಾಳು. ತಾಗಿತಾ? ಈಗ ಒಂದೊಂದನ್ನೂ ಒಂದು ಸುತ್ತು ಬಿಚ್ಚಿ. ನಿಮ್ಮ ಮೆಷಿನಿಗೆ ಪುಸ್ತಕದಲ್ಲಿ ಇರುವುದು ಅಷ್ಟೇ. ಇದು ಅದರ ತವರುಮನೆ ಅಂತ ತಿಳ್ಕೊಳ್ಳಿ. ದಾರಿ ತಪ್ಪಿತು ಅಂತಾದರೆ ಮತ್ತೆ ಇಲ್ಲಿಗೇ ಬರಬೇಕು."

ಬ್ಲೇಡು ಹಾಕಿ ಮೆಷಿನನ್ನು ಹಿತ್ತಲಿಗೆ ಒಯ್ದರು. ಬಾಲಪ್ಪ ಪಟ್ಟಿ ಹಾಕಿಕೊಂಡ. ಬಾಯಿ ರಾಚವ್ವನ ಭುಜ ಹಿಡಿದು, ಇಪ್ಪತ್ತು ದೊಡ್ಡ ಹೆಜ್ಜೆ ಎಣಿಸಿ ದೂರ ನಿಲ್ಲಿಸಿದಳು.

"ಇದು ಹದಿನೈದು ಮೀಟರ್. ಇಂಜಿನ್ ಓಡುವಾಗ ಯಾರೂ ಇದಕ್ಕಿಂತ ಹತ್ತಿರ ಬರಬಾರದು. ಸ್ಕ್ರೂ ಎಷ್ಟೇ ಸರಿ ಇದ್ದರೂ ಬ್ಲೇಡಿನಿಂದ ಕಲ್ಲು ಹಾರ್ತದೆ. ಕಲಿಸುವವಳು ನಾನು, ಹಾಗಾಗಿ ಮಾತ್ರ ಇಂಜಿನಿನ ಹಿಂದೆ ನಿಲ್ತೇನೆ. ನೀವು ಇಲ್ಲಿಂದಲೇ ಸದ್ದು ಕೇಳಿ ಹೇಳಿ."

ಇಂಜಿನ್ ಹೊತ್ತಿತು. ಐದು ನಿಮಿಷ ಅದನ್ನು ಬಿಸಿಯಾಗಲು ಬಿಟ್ಟರು. ಎರಡು ಚುಕ್ಕೆಯ ಸ್ಕ್ರೂವನ್ನು ಬಾಯಿ ಬೇಕೆಂದೇ ಕೊಂಚ ಮುಚ್ಚಿ, ಜೋರು ಕೊಡು ಎಂದು ಕೈಸನ್ನೆ ಮಾಡಿದಳು. ಕಿರ್ರೋ ಎಂದಿತು. ಬಾಲಪ್ಪನ ಮುಖ ಅರಳಿತು, ಅವನಿಗೆ ಇಷ್ಟದ ಸದ್ದು ಅದು.

"ಅಳಾಕತ್ತೈತಿ!" ರಾಚವ್ವ ದೂರದಿಂದ ಕೂಗಿದಳು.

ಬಾಯಿ ತಕ್ಷಣ ಬಿಚ್ಚಿದಳು, ಸ್ವಲ್ಪ ಹೆಚ್ಚೇ ಬಿಚ್ಚಿದಳು.

"ಗಂಟಲಾ ಕಟ್ಟೈತಿ!"

ಕೂದಲೆಳೆಯಷ್ಟು ಮುಚ್ಚಿದಳು. ಕಿರುಚಾಟ ಹೋಗಿ ಸ್ವಲ್ಪ ದಪ್ಪಗಿನ, ತುಂಬಿದ ಸದ್ದು ಬಂತು.

"ಈಗ ಮಾತಾಡಾಕತ್ತೈತಿ" ಎಂದಳು ರಾಚವ್ವ.

ಬಾಯಿ ಬೆರಗಾಗಿ ಬಾಲಪ್ಪನ ಕಿವಿಯ ಹತ್ತಿರ, "ನಿಮಗಿಂತ ಇವರ ಕಿವಿ ಚುರುಕು ಉಂಟು ಮಾರಾಯ್ರೇ!" ಎಂದಳು. ಒಂದು ಚುಕ್ಕೆಯ ಸ್ಕ್ರೂವನ್ನು ಬಾಲಪ್ಪನ ಕೈಯಿಂದಲೇ ಹಾಗೆ ಮಾಡಿಸಿದಳು. ಕೈ ಬಿಟ್ಟಾಗ ತಡವರಿಸದೆ ಓಡಬೇಕು, ಒತ್ತಿದ ಕೂಡಲೇ ಮುಗ್ಗರಿಸದೆ ಏರಬೇಕು. ಇಂಜಿನ್ ಬೆನ್ನ ಹಿಂದೆ ಇದ್ದುದರಿಂದ ಪ್ರತಿ ಸಲವೂ ಬಾಲಪ್ಪ ತಿರುಗಿಸಿದ್ದು ಅದನ್ನು ನಿಲ್ಲಿಸಿ, ಅಕ್ಕಿಕಾಳಿನಷ್ಟೇ.

ಉಳಿದದ್ದು ಗೆರೆ ಎಳೆದ ಸ್ಕ್ರೂ. ಬಾಲಪ್ಪ ಕೈ ಸಡಿಲಿಸಿದ. ಇಂಜಿನ್ ಓಡುತ್ತಿತ್ತು, ಬ್ಲೇಡೂ ತಿರುಗುತ್ತಿತ್ತು. ರಾಚವ್ವನ ಕೈ ತಾನಾಗಿ ಸೆರಗಿಗೆ ಹೋಯಿತು. ವೆರೊನಿಕಾ ಬಾಯಿ ಹಿಂದಿನಿಂದ ಸ್ಕ್ರೂವನ್ನು ಉಲ್ಟಾ ತಿರುಗಿಸಿದಳು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ. ಬ್ಲೇಡು ನಿಧಾನವಾಯಿತು. ಅದರ ಹಲ್ಲುಗಳು ಒಂದೊಂದಾಗಿ ಕಾಣತೊಡಗಿದವು. ಆಮೇಲೆ ಬ್ಲೇಡು ನಿಂತಿತು. ಇಂಜಿನ್ ಮಾತ್ರ ಮೆಲ್ಲಗೆ ಗುಡುಗುಡು ಎನ್ನುತ್ತಲೇ ಇತ್ತು.

"ನಿಂತೈತಿ!" ಎಂದು ರಾಚವ್ವ ಕೂಗಿದಳು. ಅವಳು ಕೇಳಬೇಕೆಂದಿದ್ದ ಒಂದು ಮಾತಿಗೆ ಉತ್ತರ ಸಿಕ್ಕಿತ್ತು. ಬಾಲಪ್ಪನ ಕಣ್ಣು ತುಂಬಿ ಬಂತು, ಹೊಗೆ ಇರಲಿಲ್ಲವಾದ್ದರಿಂದ ಹೊಗೆಯ ಮೇಲೆ ಹಾಕುವಂತಿರಲಿಲ್ಲ.

"ಕೈ ಬಿಟ್ಟಾಗ ಇಂಜಿನ್ ಓಡಬೇಕು, ಬ್ಲೇಡು ನಿಲ್ಲಬೇಕು" ಎಂದಳು ಬಾಯಿ. "ಇದೊಂದು ನೆನಪಿಡಿ. ಎಷ್ಟು ಇಳಿಸಿದರೂ ಬ್ಲೇಡು ನಿಲ್ಲದಿದ್ದರೆ ಒಳಗೆ ಇಂಜಿನನ್ನೂ ಬ್ಲೇಡನ್ನೂ ಜೋಡಿಸುವ ಕ್ಲಚ್ ಹಾಳಾಗಿರ್ತದೆ. ಆಗ ಒಂದು ಕಡ್ಡಿ ಹುಲ್ಲೂ ತೆಗೆಯದೆ ಅಂಗಡಿಗೆ ತನ್ನಿ."

ಹೊರಡುವಾಗ ಬಾಲಪ್ಪ ಹಿಂಜರಿಯುತ್ತ ಕೇಳಿದ: "ಅಕ್ಕಾರ, ಹಂಗಾರ ಮುಂದಿನ ವರ್ಷ ಪೂಜಿ ಮಾಡಬಾರದೇನ್ರೀ?"

"ಯಾಕೆ ಮಾಡಬಾರದು? ನಾನೂ ಚರ್ಚಿನಲ್ಲಿ ಪ್ರಾರ್ಥನೆ ಮಾಡಿಸ್ತೇನೆ. ವಿಭೂತಿ ಹಿಡಿಕೆಗೆ ಹಚ್ಚಿ, ಕೋಲಿಗೆ ಹಚ್ಚಿ. ನೀರು ಸುರಿಯಬೇಡಿ, ಬಟ್ಟೆ ಒದ್ದೆ ಮಾಡಿ ಒರೆಸಿ. ಉಸಿರಾಡುವ ಜಾಗ ಬಿಟ್ಟುಬಿಡಿ, ಅಷ್ಟೇ."

ಮರುದಿನ ನರ್ಮದಮ್ಮನವರ ಕಂಪೌಂಡಿಗೆ ಬಾಲಪ್ಪ ಒಬ್ಬನೇ ಹೋದ. ರಾಚವ್ವ ಬರುತ್ತೇನೆ ಎಂದಿರಲಿಲ್ಲ, ಕೇಳುವ ಧೈರ್ಯ ಅವನಿಗೆ ಇರಲಿಲ್ಲ. ಮೆಷಿನ್ ಕೆಳಗಿಟ್ಟು ಫಿಲ್ಟರ್ ತೆಗೆದು ನೋಡುತ್ತಿದ್ದಾಗ ಗೇಟಿನ ಸದ್ದಾಯಿತು. ರಾಚವ್ವ ಬಂದಳು. ಕಂಕುಳಲ್ಲಿ ಒಂದು ಕೋಲು. ಅವನಿದ್ದ ಜಾಗದಿಂದ ಇಪ್ಪತ್ತು ದೊಡ್ಡ ಹೆಜ್ಜೆ ಎಣಿಸಿ ಆ ಕೋಲು ನೆಟ್ಟಳು. ತುದಿಗೆ ಹರಿದ ಹಸಿರು ಸೀರೆಯ ತುಂಡು ಕಟ್ಟಿದಳು.

"ಇದು ನನ್ನ ಗಡಿ" ಎಂದಳು. "ಇಂಜಿನ್ ಓಡೂತನ ನಾ ಇದನ್ನ ದಾಟೂದಿಲ್ಲ. ನೀವು ಮುಂದ ಹೋದಂಗ ಇದನ್ನೂ ಮುಂದ ಹುಗಿಯೂದು. ನೀವು ಆಫ್ ಮಾಡಿ, ಮೆಷಿನ್ ಕೆಳಗಿಟ್ಟು ಕರದ್ರ ಬರತೀನಿ."

"ಕರದ್ರ ಬರತೀಯಲ್ಲ?" ಎಂದ ಬಾಲಪ್ಪ.

"ಬರತೀನಿ ಅಂದೆನಲ್ಲ!"

ಅವನು ಹಗ್ಗ ಎಳೆದ. ಇಂಜಿನ್ ಮಾತಾಡಿತು. ಮೊದಲ ಸಾಲು ಕೊಚ್ಚಿ ಮುಗಿಸಿ ಕೈ ಬಿಟ್ಟು, ಬ್ಲೇಡು ನಿಲ್ಲುವುದನ್ನು ಕಣ್ಣಾರೆ ನೋಡಿದ. ಆಮೇಲೆ ಇಂಜಿನ್ ಆಫ್ ಮಾಡಿ ಮೆಷಿನನ್ನು ಹುಲ್ಲಿನ ಮೇಲೆ ಮಲಗಿಸಿದ.

"ಬಾ ರಾಚವ್ವಾ" ಎಂದು ಕರೆದ.

ಹಸಿರು ಬಟ್ಟೆಯ ಕೋಲನ್ನು ದಾಟಿ, ಹಲ್ಲುಕೋಲು ಹಿಡಿದು ರಾಚವ್ವ ಬಂದಳು.

ಈಗ ಈ ಕಥೆ ಓದಿದ ಅಥವಾ ಕೇಳಿದ ಅಕ್ಕ, ಅಣ್ಣ, ನಿಮಗೆ ಒಂದು ಮಾತು. ನಿಮ್ಮ ಮನೆಯಲ್ಲೋ ಸಂಘದಲ್ಲೋ ಇಂಥ ಮೆಷಿನ್ ಇದ್ದರೆ ಇವತ್ತೇ ಅದರ ಪುಸ್ತಕವನ್ನು ಟ್ರಂಕಿನಿಂದ ಹೊರಗೆ ತೆಗೆಯಿರಿ. ಓದಲು ಬಾರದಿದ್ದರೆ ಓದಲು ಬರುವವರ ಕೈಗೆ ಕೊಡಿ. ಇಂಜಿನ್ ಕೆಮ್ಮಿದರೆ ಸ್ಕ್ರೂಗೆ ಕೈ ಹಾಕುವ ಮುಂಚೆ ಅದರ ಮೂಗು ಬಿಚ್ಚಿ ನೋಡಿ. ಸ್ಕ್ರೂ ತಿರುಗಿಸಲೇಬೇಕಾದರೆ ಮೊದಲು ಎಲ್ಲಿತ್ತು ಎಂಬ ಗುರುತು ಮಾಡಿಕೊಳ್ಳಿ, ಗೊತ್ತಿಲ್ಲದಿದ್ದರೆ ಗೊತ್ತಿದ್ದವರ ಹತ್ತಿರ ಹೋಗಿ. ಕೈ ಬಿಟ್ಟ ಮೇಲೂ ಬ್ಲೇಡು ತಿರುಗುತ್ತಿದ್ದರೆ ಆ ದಿನ ಕೆಲಸ ಬೇಡ.

ಇನ್ನೊಂದು, ಅದು ಎಲ್ಲಕ್ಕಿಂತ ಸುಲಭ. ಮನೆಯಲ್ಲಿ ಹಳೆಯ ಸೀರೆ ಇದ್ದೇ ಇರುತ್ತದೆ. ಒಂದು ತುಂಡು ನೀವೇ ಹರಿದು, ಇಪ್ಪತ್ತು ದೊಡ್ಡ ಹೆಜ್ಜೆ ದೂರದಲ್ಲಿ ಕೋಲಿಗೆ ಕಟ್ಟಿ. ಬ್ಲೇಡು ಅದನ್ನು ಹರಿಯುವವರೆಗೆ ಕಾಯಬೇಡಿ.